ಆ ಪಾತ್ರೆಗೆ ಏನೇನು ಹಾಕಬೇಕು? ವಾಕ್‌ಥ್ರೂ ತೆಗೆಯೋ ಮುಂಚೆ ಇದನ್ನ ಓದಿ

1/9

ನೇರವಾಗಿ ವಿಷಯಕ್ಕೆ ಬರ್ತೀನಿ. ಗೇಮ್‌ನಲ್ಲಿ ಸ್ಟಕ್ ಆಗಿ ಐದು ನಿಮಿಷ ಆಗಿರಲ್ಲ, ಆಗಲೇ ಯೂಟ್ಯೂಬಲ್ಲಿ ವಾಕ್‌ಥ್ರೂ ಹುಡುಕ್ತೀರಲ್ಲ, ಈ ಸರಣಿ ನಿಮಗೇ. ಒಂಬತ್ತು ಪೋಸ್ಟ್ ಇದೆ, ಉದ್ದ ಆಯ್ತು ಅಂತ ಗೊತ್ತು. ಬಸ್ಸಲ್ಲಿ ಸೀಟ್ ಸಿಕ್ಕಾಗ ಓದಿ, ಇಲ್ಲಾಂದ್ರೆ ಸೇವ್ ಮಾಡ್ಕೊಳ್ಳಿ.

ನಾನು ಹೇಳೋದು ಎರಡೇ ಮಾತು.

ಒಂದು: ಒಳ್ಳೆ ಪಜಲ್ ಮುಂದೆ ಸ್ಟಕ್ ಆಗೋದೇ ಆ ಗೇಮ್‌ನ ಅರ್ಧ ಮಜಾ. ಅದನ್ನ ಸ್ಕಿಪ್ ಮಾಡಿದ್ರೆ ಹೋಳಿಗೆ ತಗೊಂಡು ಹೂರಣ ಬಿಸಾಕಿದ ಹಾಗೆ.

ಎರಡು: ಕೆಲವು ಪಜಲ್‌ಗಳು ನಮಗೆ ಮೋಸ ಮಾಡ್ತವೆ. ಅಲ್ಲಿ ಉತ್ತರ ನೋಡಿದ್ರೆ ನಾಚಿಕೆ ಪಡೋದು ಬೇಡ. "ನಂಗೆ ತಲೆ ಇಲ್ಲ" ಅಂತ ಬೈಕೊಳ್ಳೋದಂತೂ ಬೇಡವೇ ಬೇಡ.

ಕಷ್ಟ ಇರೋದು ಯಾವುದು ಒಳ್ಳೇದು, ಯಾವುದು ಮೋಸ ಅಂತ ಗುರುತಿಸೋದ್ರಲ್ಲಿ. ಅದಕ್ಕೆ ಒಂದು ಹಳೇ ಗೇಮ್ ತಗೊಂಡು ತೋರಿಸ್ತೀನಿ. ನಮ್ಮ ಕ್ಲಾಸಲ್ಲಿ ಈಗ ನಾಲ್ಕೈದು ಜನ ಅದನ್ನೇ ಆಡ್ತಿದ್ದೀರ, ಎಲ್ಲರೂ ಅದೇ ಹಡಗಿನ ಅಡುಗೆಮನೆಯಲ್ಲಿ ಪಾತ್ರೆ ಮುಂದೆ ನಿಂತಿದ್ದೀರ. ಹೌದು, ಮಂಕಿ ಐಲ್ಯಾಂಡ್.

ಸ್ಪಾಯ್ಲರ್ ಎಚ್ಚರಿಕೆ: ಒಂದು ಪಜಲ್ ಪೂರ್ತಿ ಬಿಚ್ಚಿಡ್ತೀನಿ, ಅದು 3ನೇ ಪೋಸ್ಟಲ್ಲಿ. 5ರಲ್ಲಿ ಒಂದು ಚಿಕ್ಕದು, 7ರಲ್ಲಿ ಇನ್ನೊಂದು ಇದೆ. ಬೇಡ ಅನ್ನೋರು ಅವನ್ನ ಬಿಟ್ಟು ಮುಂದೆ ಹೋಗಿ.

2/9

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. "ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್" ಬಂದಿದ್ದು 1990ರಲ್ಲಿ, ನಾವ್ಯಾರೂ ಹುಟ್ಟೋಕೆ ಎಷ್ಟೋ ಮುಂಚೆ. ಮಾಡಿದ್ದು ಅಮೆರಿಕದ ಲ್ಯೂಕಾಸ್‌ಫಿಲ್ಮ್ ಗೇಮ್ಸ್. ರಾನ್ ಗಿಲ್ಬರ್ಟ್ ಮುಖ್ಯಸ್ಥ, ಜೊತೆಗೆ ಟಿಮ್ ಶೇಫರ್, ಡೇವ್ ಗ್ರಾಸ್‌ಮನ್. ಹೀರೋ ಹೆಸರು ಗೈಬ್ರಶ್ ತ್ರೀಪ್‌ವುಡ್, ಕಡಲ್ಗಳ್ಳ ಆಗ್ಬೇಕು ಅಂತ ಆಸೆಪಟ್ಟು ಬಂದ ಒಬ್ಬ ಸಣಕಲ ಹುಡುಗ. ಅವನಿಗೆ ಶಕ್ತಿ ಇಲ್ಲ, ಗನ್ ಇಲ್ಲ. ಇರೋದು ಜೇಬಲ್ಲಿ ಒಂದಷ್ಟು ಸಾಮಾನು, ಬಾಯಲ್ಲಿ ಮಾತು.

ಈ ಗೇಮ್‌ನಲ್ಲಿ ನನಗೆ ಇಷ್ಟ ಆಗೋ ದೊಡ್ಡ ವಿಷಯ ಏನು ಗೊತ್ತಾ? ನೀವು ಸಾಯಲ್ಲ. ಆ ಕಾಲದ ಬೇರೆ ಅಡ್ವೆಂಚರ್ ಗೇಮ್‌ಗಳಲ್ಲಿ ಒಂದು ತಪ್ಪು ಹೆಜ್ಜೆ ಇಟ್ರೆ ಕಥೆ ಮುಗೀತಿತ್ತು. ಶುರುವಲ್ಲಿ ಒಂದು ವಸ್ತು ಎತ್ಕೊಳ್ಳೋದು ಮರೆತ್ರೆ ಕೊನೆಗೆ ಬಂದಾಗ ದಾರಿಯೇ ಇರ್ತಿರಲಿಲ್ಲ. ಗಿಲ್ಬರ್ಟ್ 1989ರಲ್ಲೇ ಇದರ ವಿರುದ್ಧ ಒಂದು ಲೇಖನ ಬರೆದಿದ್ದ. ಆಮೇಲೆ ಮಂಕಿ ಐಲ್ಯಾಂಡಲ್ಲಿ ಮಾಡಿ ತೋರಿಸಿದ. ಇಡೀ ಗೇಮ್‌ನಲ್ಲಿ ಗೈಬ್ರಶ್ ಸಾಯೋಕೆ ಇರೋದು ಒಂದೇ ದಾರಿ: ನೀರಿನಡಿ ಹತ್ತು ನಿಮಿಷಕ್ಕಿಂತ ಜಾಸ್ತಿ ಸುಮ್ನೆ ನಿಂತಿರಬೇಕು. ಅವನು ಹತ್ತು ನಿಮಿಷ ಉಸಿರು ಹಿಡೀತೀನಿ ಅಂತ ಕೊಚ್ಕೊಳ್ತಾನೆ, ಅದಕ್ಕೆ.

ಇದರ ಅರ್ಥ ಏನು? ಎಷ್ಟು ಹುಚ್ಚು ಐಡಿಯಾ ಬೇಕಾದ್ರೂ ಟ್ರೈ ಮಾಡಿ, ನಿಮಗೇನೂ ನಷ್ಟ ಇಲ್ಲ. ನೆಗೆಟಿವ್ ಮಾರ್ಕ್ಸ್ ಇಲ್ಲದ ಪರೀಕ್ಷೆ ಇದು. ಅಂಥ ಪರೀಕ್ಷೆಗೂ ಕಾಪಿ ಚೀಟಿ ತರ್ತೀನಿ ಅಂದ್ರೆ ಹೇಗೆ ಹೇಳಿ?

3/9 (ಸ್ಪಾಯ್ಲರ್)

ಈಗ ಆ ಪಾತ್ರೆಗೆ ಬರೋಣ. ಗೇಮ್‌ನ ಎರಡನೇ ಭಾಗ ಪೂರ್ತಿ ಒಂದು ಹಡಗಿನೊಳಗೆ ನಡಿಯುತ್ತೆ. ಗೈಬ್ರಶ್ ಕಷ್ಟಪಟ್ಟು ಮೂರು ಜನ ಸಿಬ್ಬಂದಿ ಸೇರಿಸಿರ್ತಾನೆ, ಹಡಗು ಹತ್ತಿದ ಮೇಲೆ ಒಬ್ಬರೂ ಕೆಲಸ ಮಾಡಲ್ಲ, ಡೆಕ್ ಮೇಲೆ ಆರಾಮಾಗಿ ಕಾಲು ಚಾಚ್ಕೊಂಡಿರ್ತಾರೆ. (ಗ್ರೂಪ್ ಪ್ರಾಜೆಕ್ಟ್ ನೆನಪಾಯ್ತಾ?) ಮಂಕಿ ದ್ವೀಪಕ್ಕೆ ದಾರಿ ಯಾರಿಗೂ ಗೊತ್ತಿಲ್ಲ. ಮಾಟದ ಅಡುಗೆ ಒಂದನ್ನ ಮಾಡಿದ್ರೆ ಮಾತ್ರ ಹೋಗಬಹುದು.

ಮೊದಲು ರೆಸಿಪಿ ಸಿಗಬೇಕು. ಅದು ಕ್ಯಾಪ್ಟನ್ ರೂಮಿನ ಬೀರುವಿನೊಳಗೆ, ಬೀರುಗೆ ಬೀಗ. ಕೀಲಿ ಎಲ್ಲಿ? ಅಡುಗೆಮನೆಯಲ್ಲಿರೋ ಸೀರಿಯಲ್ ಡಬ್ಬಿಯೊಳಗೆ, ಬಹುಮಾನದ ರೂಪದಲ್ಲಿ. ನಮ್ಮಲ್ಲಿ ಚಿಪ್ಸ್ ಪ್ಯಾಕೆಟ್ ಒಳಗೆ ಆಟಿಕೆ ಸಿಗ್ತಿತ್ತಲ್ಲ, ಅದೇ ಥರ.

ಬೀರು ತೆಗೆದ್ರೆ ದಾಲ್ಚಿನ್ನಿ ಚಕ್ಕೆ ಸಿಗುತ್ತೆ, ಜೊತೆಗೆ ರೆಸಿಪಿ ಚೀಟಿ. ಅದನ್ನ ಓದಿದಾಗ ತಲೆ ತಿರುಗುತ್ತೆ. ಮನುಷ್ಯನ ತಲೆಬುರುಡೆ ಬೇಕಂತೆ. ಕೋತಿ ರಕ್ತ ಬೇಕಂತೆ. ಜೀವಂತ ಕೋಳಿ ಬೇಕಂತೆ. ನಡು ಸಮುದ್ರದಲ್ಲಿ ಎಲ್ಲಿಂದ ತರೋದು?

ಬುರುಡೆ ಬದಲು ಹಡಗಿನ ಕಂಬದ ತುದಿಯಲ್ಲಿರೋ ಬಾವುಟ, ಅದರ ಮೇಲೆ ಬುರುಡೆ ಚಿತ್ರ ಇದೆ. ರಕ್ತದ ಬದಲು ಕೆಳಗಿನ ಗೋದಾಮಲ್ಲಿರೋ ವೈನ್, ಎರಡೂ ಕೆಂಪು. ಜೀವಂತ ಕೋಳಿ ಬದಲು ಮೊದಲ ಭಾಗದಿಂದ ನಿಮ್ಮ ಹತ್ರ ಇರೋ ರಬ್ಬರ್ ಕೋಳಿ, ಅದೂ ಮಧ್ಯದಲ್ಲಿ ರಾಟೆ ಇರೋದು. ಜೊತೆಗೆ ಕ್ಯಾಪ್ಟನ್ ಮೇಜಿನ ಇಂಕು, ಗೋದಾಮಿನ ಮದ್ದಿನ ಪುಡಿ, ಮೊದಲ ದ್ವೀಪದ ಅಂಗಡಿಯಲ್ಲಿ ಕೊಂಡ ಪೆಪ್ಪರ್‌ಮಿಂಟ್, ಆ ಸೀರಿಯಲ್. ಎಲ್ಲಾ ಪಾತ್ರೆಗೆ. ಹೊಗೆ ಎದ್ದು ಗೈಬ್ರಶ್ ಮೂರ್ಛೆ ಹೋಗ್ತಾನೆ, ಎದ್ದಾಗ ಎದುರಿಗೆ ದ್ವೀಪ.

4/9

ಇದನ್ನ ಓದಿ "ಇದೇನ್ ಗುರು, ಏನೋ ಒಂದು ಹಾಕಿದ್ರಾಯ್ತು ಅನ್ನೋ ಥರ ಇದೆ" ಅನ್ನಿಸ್ತಾ? ವಾಕ್‌ಥ್ರೂ ನೋಡಿದವರಿಗೆ ಹಾಗೇ ಅನ್ನಿಸೋದು. ಪಟ್ಟಿ ಓದಿದವರಿಗೆ ಅದು ಬರೀ ಪಟ್ಟಿ.

ಆದ್ರೆ ಸ್ವಂತ ಕೂತು ಯೋಚಿಸಿದವರಿಗೆ ಒಂದು ಕ್ಷಣ ಬರುತ್ತೆ. ಮೊದಲು ಒಂದೇ ಒಂದು ಬದಲಿ ಹೊಳೆಯುತ್ತೆ, ಬಹುಶಃ ಕೋಳಿ. ಅದು ಹೊಳೆದ ತಕ್ಷಣ "ಓ, ಇಲ್ಲಿ ಅಸಲಿ ಬೇಕಾಗಿಲ್ಲ, ಹತ್ತಿರದ್ದು ಸಾಕು" ಅನ್ನೋ ನಿಯಮ ಗೊತ್ತಾಗುತ್ತೆ. ಆಮೇಲೆ ಬಾವುಟ, ವೈನ್ ಎರಡೂ ಪಟಪಟ ಅಂತ ಬೀಳ್ತವೆ. ನಿಮಗೆ ಸಿಕ್ಕಿದ್ದು ಮೂರು ಉತ್ತರ ಅಂತ ಕಾಣುತ್ತೆ, ನಿಜವಾಗಿ ಸಿಕ್ಕಿದ್ದು ಒಂದು ನಿಯಮ.

ನಮ್ಮನೆಗಳಲ್ಲಿ ಇದು ದಿನಾ ನಡಿಯುತ್ತೆ ರೀ. ಹುಣಸೆಹಣ್ಣು ಖಾಲಿ ಆದ್ರೆ ಅಮ್ಮ ಸಾರು ನಿಲ್ಲಿಸ್ತಾರಾ? ಟೊಮೆಟೊ ಜಾಸ್ತಿ ಹಾಕ್ತಾರೆ, ಇಲ್ಲಾ ನಿಂಬೆಹಣ್ಣು ಹಿಂಡ್ತಾರೆ. ಯಾಕಂದ್ರೆ ಅವರಿಗೆ ಗೊತ್ತು, ಸಾರಿಗೆ ಬೇಕಾಗಿರೋದು ಹುಳಿ, ಹುಣಸೆ ಆ ಹುಳಿ ತರೋ ಒಂದು ದಾರಿ. ಪಿಜಿಯಲ್ಲಿ ಕೆಟಲ್‌ನಲ್ಲಿ ಮ್ಯಾಗಿ ಮಾಡೋ ಪ್ರತಿಯೊಬ್ಬರೂ ಈ ಪಜಲ್ ಬಿಡಿಸೋಕೆ ಅರ್ಹರು.

ಅಜ್ಜಿ ಹೇಳ್ತಿದ್ದ ಒಗಟುಗಳದ್ದೂ ಇದೇ ಲೆಕ್ಕ. ಉತ್ತರ ಕೇಳಿದ ಮೇಲೆ "ಅಯ್ಯೋ, ಹೌದಲ್ಲಾ!" ಅನ್ನಿಸಿದ್ರೆ ಅದು ಒಳ್ಳೆ ಒಗಟು. "ಅದ್ಹೇಗೆ?" ಅನ್ನಿಸಿದ್ರೆ ಕೆಟ್ಟದ್ದು.

ಹಾಗಾಗಿ ನನ್ನ ಪರೀಕ್ಷೆ ಮೂರು ಪ್ರಶ್ನೆ. ಬೇಕಾದ ವಸ್ತು ನಿಮ್ಮ ಕಣ್ಣಿಗೆ ಮುಂಚೆಯೇ ಬಿದ್ದಿತ್ತಾ? ಏನು ಬೇಕು ಅಂತ ಗೇಮ್ ಹೇಳಿತ್ತಾ? ಉತ್ತರ ಕೇಳಿದ ಮೇಲೆ "ಹೌದಲ್ಲಾ" ಅನ್ನಿಸ್ತಾ? ಮೂರಕ್ಕೂ ಹೌದು ಅಂದ್ರೆ ಪಜಲ್ ನ್ಯಾಯವಾಗಿದೆ, ಅಲ್ಲಿ ವಾಕ್‌ಥ್ರೂ ನೋಡ್ಬೇಡಿ.

5/9

"ಸರಿ, ನೋಡಲ್ಲ. ಆದ್ರೆ ಬಿಡಿಸೋದು ಹೇಗೆ?" ಕೇಳ್ತೀರಾ ಅಂತ ಗೊತ್ತಿತ್ತು. ಬಿಕಾಂ ಓದೋರಿಗೆ ಇದು ಸುಲಭ, ಸ್ಟಾಕ್ ರಿಜಿಸ್ಟರ್ ಬರೀರಿ.

ನೋಟ್‌ಬುಕ್‌ನಲ್ಲಿ ಎರಡು ಕಾಲಂ ಮಾಡಿ. ಎಡಗಡೆ "ಏನು ಬೇಕು", ಬಲಗಡೆ "ಏನಿದೆ". ಬಲಗಡೆ ಪ್ರತಿ ವಸ್ತು ಪಕ್ಕ ಅದರ ಹೆಸರಷ್ಟೇ ಬರೆದು ಬಿಡಬೇಡಿ, ಅದರ ಗುಣ ಬರೀರಿ. ಬಣ್ಣ ಏನು, ಏನು ಮಾಡುತ್ತೆ, ನೋಡೋಕೆ ಏನರ ಥರ ಇದೆ. ವೈನ್ ಅಂತ ಬರೆದ್ರೆ ಅದು ಕುಡಿಯೋ ವಸ್ತು. "ಕೆಂಪು, ದ್ರವ" ಅಂತ ಬರೆದು ನೋಡಿ, ಎಡಗಡೆ ಇರೋ ರಕ್ತ ತಾನೇ ಕೈ ಎತ್ತುತ್ತೆ.

ಮೊದಲ ಭಾಗದ ಗ್ರಾಗ್ ಪಜಲ್ ಇದಕ್ಕೆ ಒಳ್ಳೆ ಉದಾಹರಣೆ. ಬಾರಲ್ಲಿ ಗ್ರಾಗ್ ಹಿಡಿದ್ರೆ ಸ್ವಲ್ಪ ಹೊತ್ತಿಗೆ ಲೋಟವೇ ಕರಗಿ ಹೋಗುತ್ತೆ. ಎಲ್ಲರೂ ಅದನ್ನ ಜೋಕ್ ಅಂತ ನಕ್ಕು ಮುಂದೆ ಹೋಗ್ತಾರೆ. ರಿಜಿಸ್ಟರ್ ಬರೆದವರು "ಲೋಹ ಕರಗಿಸುತ್ತೆ" ಅಂತ ಗುರುತು ಹಾಕಿರ್ತಾರೆ. ಜೈಲಿನ ಬೀಗ ಕಂಡ ತಕ್ಷಣ ಅವರಿಗೆ ದಾರಿ ಕಾಣುತ್ತೆ. ಆಮೇಲೆ ಉಳಿಯೋದು ಒಂದೇ ಸಮಸ್ಯೆ, ಬಾರಿಂದ ಜೈಲಿನ ತನಕ ಅದನ್ನ ಒಯ್ಯೋದು ಹೇಗೆ. ಅದನ್ನ ಹೇಳಲ್ಲ.

ಆ ಗ್ರಾಗ್ ಬಗ್ಗೆ ಒಂದು ನಿಜವಾದ ತಮಾಷೆ ಇದೆ. ಗೇಮ್‌ನಲ್ಲಿ ಅದಕ್ಕೆ ಸೀಮೆಎಣ್ಣೆ, ಬ್ಯಾಟರಿ ಆಸಿಡ್ ಎಲ್ಲಾ ಹಾಕ್ತಾರೆ ಅಂತ ಜೋಕ್ ಪಟ್ಟಿ ಇದೆ. 2009ರಲ್ಲಿ ಅರ್ಜೆಂಟೀನಾದ ಒಂದು ಟಿವಿ ನ್ಯೂಸ್ ಚಾನೆಲ್ ಆ ಪಟ್ಟಿಯನ್ನ ನಿಜ ಅಂತ ನಂಬಿ, ಯುವಜನರು ಕುಡಿತಿರೋ ಹೊಸ ಅಪಾಯಕಾರಿ ಪಾನೀಯ ಅಂತ ಸುದ್ದಿ ಮಾಡ್ತು. ಪಟ್ಟಿ ಇತ್ತು, ಯೋಚನೆ ಇರಲಿಲ್ಲ. ಮೂಲ ನೋಡದೆ ಪಟ್ಟಿ ನಂಬೋದು ಗೇಮ್ ಹೊರಗೆ ಇನ್ನೂ ಡೇಂಜರ್.

6/9

ಎರಡನೇ ಗೇಮ್, "ಲೆಚಕ್ಸ್ ರಿವೆಂಜ್", 1991. ಇಲ್ಲಿ ಮಾಟದ ಗೊಂಬೆ ಮಾಡಬೇಕು. ಊರಿಗೆಲ್ಲಾ ಕಾಟ ಕೊಡೋ ಲಾರ್ಗೋ ಅನ್ನೋ ರೌಡಿಯನ್ನ ಓಡಿಸೋಕೆ. ಇಡೀ ಸರಣಿಯಲ್ಲಿ ನನ್ನ ಪ್ರಕಾರ ಇದೇ ಅತ್ಯುತ್ತಮ ಪಜಲ್.

ಮಾಟಗಾತಿ ನಾಲ್ಕು ವಸ್ತು ಕೇಳ್ತಾಳೆ: ಅವನ ಬಟ್ಟೆಯದ್ದು ಒಂದು, ಅವನ ತಲೆಯದ್ದು ಒಂದು, ಅವನ ದೇಹದ್ದು ಒಂದು, ಅವನ ಸತ್ತ ಪೂರ್ವಜರದ್ದು ಒಂದು. ಇಷ್ಟೇ. ವಸ್ತುವಿನ ಹೆಸರಿಲ್ಲ, ಬರೀ ಹೆಡ್ಡಿಂಗ್. ನಾಲ್ಕು ಲೆಡ್ಜರ್ ಅಕೌಂಟ್ ತೆಗೆದು ಕೊಟ್ಟು "ಎಂಟ್ರಿ ನೀವೇ ಹುಡುಕಿ" ಅಂದ ಹಾಗೆ. ನಾಲ್ಕನ್ನೂ ಯಾವ ಕ್ರಮದಲ್ಲಿ ಬೇಕಾದ್ರೂ ಹುಡುಕಬಹುದು, ಒಂದರಲ್ಲಿ ಸ್ಟಕ್ ಆದ್ರೆ ಇನ್ನೊಂದಕ್ಕೆ ಹೋಗಬಹುದು. ಪರೀಕ್ಷೆಯಲ್ಲಿ ಗೊತ್ತಿರೋ ಪ್ರಶ್ನೆ ಮೊದಲು ಬರೀರಿ ಅಂತ ಮೇಷ್ಟ್ರು ಹೇಳೋದೂ ಇದನ್ನೇ.

ಎಲ್ಲಿ ಏನು ಸಿಗುತ್ತೆ ಅಂತ ಹೇಳಲ್ಲ, ಇದು ನಿಮ್ಮ ಹೋಂವರ್ಕ್. ಒಂದು ಸುಳಿವು ಮಾತ್ರ ಕೊಡ್ತೀನಿ: ರೂಮಿಗೆ ಹೋದವರೆಲ್ಲ ಬಾಗಿಲು ತೆಗೆದು ಒಳಗೆ ನೋಡ್ತಾರೆ. ಬಾಗಿಲ ಹಿಂದೆ ಯಾರೂ ನೋಡಲ್ಲ.

ಇನ್ನೂ ಚೆಂದದ್ದು ಕೊನೆಯಲ್ಲಿದೆ. ಗೇಮ್‌ನ ಕ್ಲೈಮ್ಯಾಕ್ಸಲ್ಲಿ ಅದೇ ನಾಲ್ಕು ಹೆಡ್ಡಿಂಗ್ ಮತ್ತೆ ಬರುತ್ತೆ, ಈ ಸಲ ಲೆಚಕ್ ಮೇಲೆ, ಅವನು ಅಟ್ಟಿಸ್ಕೊಂಡು ಬರ್ತಿರುವಾಗ. ಈಗ ಯಾರೂ ಪಟ್ಟಿ ಕೊಡಲ್ಲ. ಮೊದಲ ಸಲ ಸ್ವಂತ ಬಿಡಿಸಿದವರಿಗೆ ಕೈ ತಾನೇ ಓಡುತ್ತೆ. ವಾಕ್‌ಥ್ರೂ ನೋಡಿ ದಾಟಿದವರು ಇಲ್ಲಿ ಮತ್ತೆ ವಾಕ್‌ಥ್ರೂ ತೆಗೀಬೇಕು. ಮೊದಲ ಸಲ ಉತ್ತರ ಸಿಕ್ಕಿತ್ತು, ನಿಯಮ ಸಿಕ್ಕಿರಲಿಲ್ಲ. ಮೂರನೇ ಸೆಮ್‌ನಲ್ಲಿ ಉರು ಹೊಡೆದಿದ್ದು ಐದನೇ ಸೆಮ್‌ನಲ್ಲಿ ಬೇಕಾದಾಗ ಎಲ್ಲಿ ಹೋಗಿರುತ್ತೆ, ನಿಮಗೇ ಗೊತ್ತು.

7/9 (ಚಿಕ್ಕ ಸ್ಪಾಯ್ಲರ್)

ಈಗ ಮೋಸದ ಪಜಲ್. ಇದೇ ಎರಡನೇ ಗೇಮ್‌ನಲ್ಲಿದೆ. ದಯವಿಟ್ಟು ಇದನ್ನ ಪೂರ್ತಿ ಓದಿ, ನಾನು ಈ ಸರಣಿ ಬರೆಯೋಕೆ ಕೂತಿದ್ದೇ ಇದಕ್ಕೆ.

ಒಂದು ಜಲಪಾತದ ನೀರು ನಿಲ್ಲಿಸಬೇಕು. ಮೇಲೆ ಪಂಪ್ ಇದೆ, ಅದನ್ನ ತಿರುಗಿಸೋಕೆ ಉಪಕರಣ ಬೇಕು. ಉತ್ತರ: ಬಾರಲ್ಲಿ ಪಿಯಾನೊ ನುಡಿಸೋ ಕೋತಿಯನ್ನ ಸಮ್ಮೋಹನ ಮಾಡಿ, ಎತ್ತಿ ಜೇಬಿಗೆ ಹಾಕ್ಕೊಂಡು ಬಂದು, ಆ ಕೋತಿಯಿಂದಲೇ ಪಂಪ್ ತಿರುಗಿಸಬೇಕು.

"ಅದ್ಹೇಗೆ?" ಅಂದ್ರಾ? ಅಮೆರಿಕದ ಇಂಗ್ಲಿಷಲ್ಲಿ ಒಂದು ಥರದ ಸ್ಪ್ಯಾನರ್‌ಗೆ "ಮಂಕಿ ರೆಂಚ್" ಅಂತಾರೆ. ಅಷ್ಟೇ. ಇಡೀ ಪಜಲ್ ನಿಂತಿರೋದು ಆ ಒಂದು ಪದದ ಮೇಲೆ. ನಮ್ಮ ಗ್ಯಾರೇಜ್‌ಗಳಲ್ಲಿ ಸ್ಪ್ಯಾನರ್ ಅಂತಾರೆ, ಪಾನಾ ಅಂತಾರೆ. ಕೋತಿ ಎಲ್ಲಿಂದ ಬರಬೇಕು? ಬ್ರಿಟನ್ನಲ್ಲೂ ಸ್ಪ್ಯಾನರ್ ಅಂತಲೇ ಹೇಳೋದು.

ಒಂದು ಕನ್ನಡ ಗೇಮ್ ಕಲ್ಪಿಸಿಕೊಳ್ಳಿ. ರೆಸಿಪಿಯಲ್ಲಿ "ಕಾಲು ಲೀಟರ್ ಎಣ್ಣೆ" ಅಂತಿದೆ. ಉತ್ತರ: ಮುರಿದ ಕುರ್ಚಿಯ ಕಾಲು ತಂದು ಎಣ್ಣೆಗೆ ಹಾಕೋದು. ನೀವು ನಕ್ಕು ಐದು ನಿಮಿಷದಲ್ಲಿ ಬಿಡಿಸ್ತೀರ. ಕ್ಯಾಲಿಫೋರ್ನಿಯಾದವನು ಮೂರು ದಿನ ಕೂತ್ರೂ ಆಗಲ್ಲ. ಹಾಗಂತ ಅವನು ದಡ್ಡನಾ?

ಅಲ್ಲ ತಾನೇ. ಹಾಗಿದ್ರೆ ನೀವೂ ಅಲ್ಲ.

ಇದನ್ನ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ನಮ್ಮಲ್ಲಿ ಅರ್ಧ ಜನ ಕನ್ನಡ ಮೀಡಿಯಂನಿಂದ ಬಂದವರು. ಪಿಯುಸಿಗೆ ಬಂದಾಗ ಡೆಬಿಟ್ಟು ಕ್ರೆಡಿಟ್ಟು ಲೆಕ್ಕ ಅರ್ಥ ಆಗ್ತಿತ್ತು, ಪ್ರಶ್ನೆ ಅರ್ಥ ಆಗ್ತಿರಲಿಲ್ಲ. ಪ್ಲೇಸ್‌ಮೆಂಟ್ ಆಪ್ಟಿಟ್ಯೂಡ್ ಟೆಸ್ಟಲ್ಲೂ ಹಾಗೇ, ಒಂದು ನುಡಿಗಟ್ಟು ಗೊತ್ತಿಲ್ಲ ಅಂತ ಇಡೀ ಪ್ರಶ್ನೆ ಹೋಗುತ್ತೆ. ಅದನ್ನ "ನಂಗೆ ತಲೆ ಓಡಲ್ಲ" ಅಂತ ಲೆಕ್ಕ ಬರೆದುಕೊಳ್ತೀವಿ. ತಪ್ಪು ಅಕೌಂಟ್‌ಗೆ ಪೋಸ್ಟಿಂಗ್ ಅದು. ಪದ ಗೊತ್ತಿಲ್ಲದೆ ಇರೋದು ಒಂದು ಖಾತೆ, ಬುದ್ಧಿ ಇಲ್ಲದೆ ಇರೋದು ಬೇರೆ ಖಾತೆ. ಪದ ಕಲಿಯೋಕೆ ಒಂದು ನಿಮಿಷ ಸಾಕು. ಇನ್ನೊಂದನ್ನ ನಂಬಿಬಿಟ್ರೆ ಅದರಿಂದ ಹೊರಗೆ ಬರೋಕೆ ವರ್ಷಗಟ್ಟಲೆ ಬೇಕು.

8/9

ಇನ್ನೊಂದು ಕಡೆಯ ವಾದವನ್ನೂ ಕೇಳೋಣ. "ಟೈಮ್ ಎಲ್ಲಿದೆ ಗುರು? ಬೆಳಿಗ್ಗೆ ಕಾಲೇಜ್, ಸಂಜೆ ಪಾರ್ಟ್ ಟೈಮ್ ಕೆಲಸ, ರಾತ್ರಿ ಒಂದು ಗಂಟೆ ಆಡ್ತೀನಿ. ಅದರಲ್ಲೂ ಗೋಡೆ ನೋಡ್ತಾ ಕೂರ್ಬೇಕಾ?" ಈ ಮಾತಲ್ಲಿ ನ್ಯಾಯ ಇದೆ. ಸ್ಟಕ್ ಆಗೋದೇ ದೊಡ್ಡ ತಪಸ್ಸು ಅಂತ ಹೇಳೋ ಹಳೇ ಗೇಮರ್‌ಗಳ ಪೋಸು ನನಗೂ ಇಷ್ಟ ಇಲ್ಲ.

ಅವರ ಕಾಲದಲ್ಲೂ ಎಲ್ಲರೂ ತಪಸ್ಸು ಮಾಡಿರಲಿಲ್ಲ ಬಿಡಿ. ಆ ಕಂಪನಿಗೇ ಹಿಂಟ್ ಲೈನ್ ಅಂತ ದುಡ್ಡು ಕೊಟ್ಟು ಕರೆ ಮಾಡೋ ಫೋನ್ ನಂಬರ್ ಇತ್ತು. ಎರಡನೇ ಗೇಮ್‌ನಲ್ಲಿ ಅದನ್ನೇ ತಮಾಷೆ ಮಾಡಿದ್ದಾರೆ: ಕಾಡಿನ ಮಧ್ಯೆ ಒಂದು ಟೆಲಿಫೋನ್, ಗೈಬ್ರಶ್ ಅಲ್ಲಿಂದ ಹಿಂಟ್ ಲೈನ್‌ಗೆ ಫೋನ್ ಮಾಡಬಹುದು. ಕಷ್ಟದ ಪಜಲ್ ಬೇಡ ಅನ್ನೋರಿಗೆ ಅದೇ ಗೇಮ್‌ನಲ್ಲಿ "ಲೈಟ್" ಆವೃತ್ತಿಯೂ ಇತ್ತು. 2022ರಲ್ಲಿ ಗಿಲ್ಬರ್ಟ್ ವಾಪಸ್ ಬಂದು ಮಾಡಿದ "ರಿಟರ್ನ್ ಟು ಮಂಕಿ ಐಲ್ಯಾಂಡ್"ನಲ್ಲಿ ಗೈಬ್ರಶ್ ಜೇಬಲ್ಲೇ ಹಿಂಟ್ ಪುಸ್ತಕ ಇದೆ. ಅದು ಒಂದೇ ಸಲ ಉತ್ತರ ಕಕ್ಕಲ್ಲ. ಮೊದಲು ಸಣ್ಣ ಸುಳಿವು, ಸಾಲದಿದ್ರೆ ಇನ್ನೊಂದು, ಕೊನೆಗೆ ಪೂರ್ತಿ.

ಅದೇ ಮೆಟ್ಟಿಲನ್ನ ನೀವೂ ಇಟ್ಕೊಳ್ಳಿ.

ಮೊದಲ ಮೆಟ್ಟಿಲು: ಗೇಮ್ ಮುಚ್ಚಿ, ಮಲಗಿ. ನಾಳೆ ಬಸ್ಸಲ್ಲಿ ಹೋಗ್ತಾ ಅರ್ಧ ಪಜಲ್ ತಾನೇ ಬಿಡುತ್ತೆ.

ಎರಡನೇದು: ಆಡಿ ಮುಗಿಸಿರೋ ಫ್ರೆಂಡ್‌ಗೆ "ನಾನು ಸರಿಯಾದ ಜಾಗದಲ್ಲಿ ಇದೀನಾ?" ಅಂತ ಮಾತ್ರ ಕೇಳಿ. ಹೌದು, ಇಲ್ಲ, ಅಷ್ಟೇ ಉತ್ತರ.

ಮೂರನೇದು: ಸುಳಿವು ಕೇಳಿ, ಉತ್ತರ ಬೇಡ.

ನಾಲ್ಕನೇದು: ವಾಕ್‌ಥ್ರೂ. ಒಂದೇ ಹೆಜ್ಜೆ ನೋಡಿ, ಮುಚ್ಚಿ. ನೋಡಿದ ಮೇಲೆ 4ನೇ ಪೋಸ್ಟಿನ ಮೂರು ಪ್ರಶ್ನೆ ಹಾಕಿ. "ಹೌದಲ್ಲಾ" ಅನ್ನಿಸಿದ್ರೆ ಮುಂದಿನ ಸಲ ಇನ್ನೊಂಚೂರು ತಡೀರಿ. "ಅದ್ಹೇಗೆ?" ಅನ್ನಿಸಿದ್ರೆ ಒಂದು ಹೊಸ ಪದ ಕಲಿತೆ ಅಂದ್ಕೊಂಡು ಮುಂದೆ ಹೋಗಿ.

9/9

ಕೊನೇ ಮಾತು, ನಮ್ಮ ಸಬ್ಜೆಕ್ಟ್ ಭಾಷೆಯಲ್ಲೇ.

ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದಾಗ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಲ್ಲ. ಎರಡೂ ಕಡೆ ಸಮ ಆಗುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ತಪ್ಪು ಒಳಗೆ ಹಾಗೇ ಕೂತಿರುತ್ತೆ. ಹುಡುಕಿ ಸರಿಮಾಡೋ ತನಕ ಆ ಖಾತೆ ಮುಚ್ಚಲ್ಲ. ವಾಕ್‌ಥ್ರೂ ಅಂದ್ರೆ ಸಸ್ಪೆನ್ಸ್ ಅಕೌಂಟ್. ಅವಸರಕ್ಕೆ ತೆರೆಯೋದ್ರಲ್ಲಿ ತಪ್ಪಿಲ್ಲ, ಎಲ್ಲದನ್ನೂ ಅಲ್ಲೇ ತುಂಬಿದ್ರೆ ಪುಸ್ತಕದಲ್ಲಿ ಬೇರೇನೂ ಉಳಿಯಲ್ಲ.

ಈಗ ಪ್ರತಿಯೊಂದಕ್ಕೂ ಉತ್ತರ ಒಂದು ಟ್ಯಾಪ್ ದೂರದಲ್ಲಿದೆ. ಅಸೈನ್‌ಮೆಂಟ್‌ಗೆ ಎಐ ಇದೆ, ಪರೀಕ್ಷೆಗೆ ಸಾಲ್ವ್ಡ್ ಪೇಪರ್ ಇದೆ, ಗೇಮ್‌ಗೆ ವಿಡಿಯೋ ಇದೆ. ಉತ್ತರ ಸಿಗದೆ ಅರ್ಧ ಗಂಟೆ ಕೂತಿರೋ ಅಭ್ಯಾಸವೇ ನಮಗೆ ತಪ್ಪಿ ಹೋಗ್ತಿದೆ. ನಾಳೆ ಕೆಲಸದಲ್ಲಿ, ಮನೆಯಲ್ಲಿ ಬರೋ ಸಮಸ್ಯೆಗಳಿಗೆ ಯಾರೂ ವಿಡಿಯೋ ಹಾಕಿರಲ್ಲ. ಅಲ್ಲಿ ಬುರುಡೆ ಬೇಕು ಅಂತ ಚೀಟಿ ಇರುತ್ತೆ, ಕೈಯಲ್ಲಿ ಬಾವುಟ ಇರುತ್ತೆ. ಇದು ಅದಕ್ಕೆ ಆಗುತ್ತೆ ಅಂತ ಹೊಳೆಯೋ ಆ ಕ್ಷಣಕ್ಕೆ ಪ್ರಾಕ್ಟೀಸ್ ಬೇಕು. ಸೋತ್ರೂ ಏನೂ ಕಳ್ಕೊಳ್ಳದ ಒಂದು ಗೇಮ್‌ಗಿಂತ ಒಳ್ಳೆ ಪ್ರಾಕ್ಟೀಸ್ ಜಾಗ ಎಲ್ಲಿ ಸಿಗುತ್ತೆ?

ಹಳೇ ಲ್ಯಾಪ್‌ಟಾಪ್ ಸಾಕು, ಗ್ರಾಫಿಕ್ಸ್ ಕಾರ್ಡ್ ಬೇಡ. ಗೇಮ್ ಕೊಂಡಿದ್ರೆ ಸ್ಕಮ್‌ವಿಎಂ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಫೋನಲ್ಲೂ ಹಳೇ ಆವೃತ್ತಿ ಓಡುತ್ತೆ.

ಕಾಮೆಂಟಲ್ಲಿ ಹೇಳಿ: ನೀವು ಅತಿ ಹೆಚ್ಚು ಹೊತ್ತು ಸ್ಟಕ್ ಆದ ಪಜಲ್ ಯಾವುದು, ಕೊನೆಗೆ "ಹೌದಲ್ಲಾ" ಅನ್ನಿಸ್ತಾ, "ಅದ್ಹೇಗೆ?" ಅನ್ನಿಸ್ತಾ? ಗೊಂಬೆ ಪಜಲ್ ಉತ್ತರ ಮಾತ್ರ ಬರೀಬೇಡಿ, ಡಿಲೀಟ್ ಮಾಡ್ತೀನಿ. ಬಾಗಿಲ ಹಿಂದೆ ಏನಿತ್ತು ಅಂತ ಸಿಕ್ಕಿದವರು ಬರೀ "ಸಿಕ್ತು" ಅಂತ ಹಾಕಿ, ಸಾಕು.

#ಮಂಕಿಐಲ್ಯಾಂಡ್ #ಕನ್ನಡಗೇಮಿಂಗ್ #ವಾಕ್‌ಥ್ರೂಬೇಡ #ಬಿಕಾಂಬಳಗ